ಮಾತು ಬಿಟ್ಟವರ ಅಳತೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಈ ಮನೆಯ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಇಲ್ಲಿ ರೋಗವೂ ಇತ್ತು, ಜಗಳವೂ ಇತ್ತು. ಮೂರು ವರ್ಷದಿಂದ ಎರಡೂ ಬಾಡಿಗೆ ಕೊಡದ ಬಿಡಾರದವರಂತೆ ಗಟ್ಟಿಯಾಗಿ ಕೂತಿದ್ದವು. ರೋಗ ತಮ್ಮನದು. ಎರಡು ಕಿಡ್ನಿಯೂ ಕೈಕೊಟ್ಟು, ದಿನ ಬಿಟ್ಟು ದಿನ ಆಸ್ಪತ್ರೆಯ ಯಂತ್ರಕ್ಕೆ ಎಡತೋಳು ಒಡ್ಡಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಜಗಳ ಮಾತ್ರ ಇಬ್ಬರದೂ. ಅಕ್ಕ ತಮ್ಮ ಮಾತು ಬಿಟ್ಟಿದ್ದರು.

ಮಾತು ಬಿಟ್ಟವರು ಬೇರೆ ಬೇರೆ ಮನೆಯಲ್ಲಿದ್ದರೆ ಹೇಗೋ ನಡೆಯುತ್ತದೆ. ಇವರದು ಒಂದೇ ಮನೆ, ಒಂದೇ ಅಂಗಡಿ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಬಲಗಡೆ ಅಕ್ಕ ಬಟ್ಟೆ ಹೊಲಿಯುತ್ತಾಳೆ, ಎಡಗಡೆ ತಮ್ಮ ಹೊಲಿಗೆ ಯಂತ್ರ ಬಿಚ್ಚಿ ರಿಪೇರಿ ಮಾಡುತ್ತಾನೆ. ಗಿರಾಕಿಗಳ ಬಾಯಲ್ಲಿ ಅವನು ರಿಪೇರಿಯಣ್ಣ. ಅವಳು ಊರಿಗೆಲ್ಲ ಅಕ್ಕ. ಅವಳ ಗಂಡ ತೀರಿಕೊಂಡ ಮೇಲೆ, ಇವನಿಗೆ ಮದುವೆಯ ಯೋಗ ಕೂಡಿ ಬಾರದೆ, ಇಬ್ಬರೂ ಒಂದೇ ಸೂರಿನಡಿ ಬಂದಿದ್ದರು.

ಮಾತು ನಿಂತದ್ದು ಅವನ ಬುದ್ಧಿಗೇಡಿತನದಿಂದಲೇ, ಅದನ್ನು ಹೇಳಿಬಿಡಬೇಕು. ಕಿಡ್ನಿ ಸೋಲುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೂ ಅವನು ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಊದಿದ ಕಾಲನ್ನು ಉದ್ದ ಪ್ಯಾಂಟಿನಲ್ಲಿ ಮುಚ್ಚಿಟ್ಟ. ವಾಂತಿಯಾದರೆ ನಲ್ಲಿ ಜೋರಾಗಿ ಬಿಟ್ಟುಕೊಂಡ. ಒಂದು ದಿನ ನರ್ಸೊಬ್ಬಳು ಬಟ್ಟೆಯ ಅಳತೆ ಕೊಡಲು ಬಂದವಳು, "ತಮ್ಮನಿಗೆ ಡಯಾಲಿಸಿಸ್ ಯಾವತ್ತಿಂದ ಶುರು ಅಕ್ಕಾ?" ಎಂದು ಕೇಳಿದಳು. ಅಕ್ಕನ ಕೈಯ ಟೇಪು ಅವಳ ಸೊಂಟದಲ್ಲೇ ನಿಂತಿತು. ನರ್ಸು ಹೋದ ಮೇಲೆ ಅಕ್ಕ ಅಂದಳು, "ಊರಿಗೆ ಗೊತ್ತಿರೋದನ್ನ ನನಗೆ ಗಿರಾಕಿ ಬಂದು ಹೇಳ್ಬೇಕಾಯ್ತು. ನಿನಗೆ ನಾನು ಯಾರೂ ಅಲ್ಲ ಅಂದ್ಮೇಲೆ ಇನ್ನೇನು ಮಾತು." ತಪ್ಪಾಯ್ತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇವನು, "ಬೇಡ ಬಿಡು, ಯಾರು ಮಾತಾಡು ಅಂತ ಕಾಲು ಹಿಡಿದ್ರು" ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದರಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಹಾಗಂತ ಮನೆ ಮೌನವಾಗಿತ್ತು ಅಂದುಕೊಂಡರೆ ತಪ್ಪು. ಮಾತಿಗೆ ಬರಗಾಲವಿರಲಿಲ್ಲ, ಕೇಳಿಸಿಕೊಳ್ಳುವವರು ಬೇರೆ ಅಷ್ಟೆ. ಅಕ್ಕ ಇಸ್ತ್ರಿಪೆಟ್ಟಿಗೆಗೆ ಹೇಳುತ್ತಿದ್ದಳು, "ಕೆಲವರಿಗೆ ಮಧ್ಯಾಹ್ನದ ಮಾತ್ರೆ ಮರೆತು ಹೋಗಿದೆ ಅನ್ಸುತ್ತೆ." ತಮ್ಮ ಕೈಯಲ್ಲಿದ್ದ ಸ್ಕ್ರೂಡ್ರೈವರಿಗೆ ಉತ್ತರ ಕೊಡುತ್ತಿದ್ದ, "ನುಂಗಿ ಆಯ್ತು. ಯಾರಾದ್ರೂ ಕೇಳಿದ್ರೆ ಹೇಳು." ಹೀಗೆ ಸಂಸಾರ ಸಾಗುತ್ತಿತ್ತು. ಆಲೂಗಡ್ಡೆ ಎರಡು ಸಲ ಬೇಯಿಸಿ ನೀರು ಬಸಿಯುವುದು, ಉಪ್ಪಿಲ್ಲದ ಊಟವನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಡುವುದು, ಕುಡಿಯುವ ನೀರನ್ನು ಅಳೆದು ಒಂದೇ ಬಾಟಲಿಗೆ ತುಂಬಿಡುವುದು, ಒಂದೂ ತಪ್ಪಿರಲಿಲ್ಲ. ಆಸ್ಪತ್ರೆಗೂ ಜೊತೆಗೇ ಹೋಗುತ್ತಿದ್ದಳು, ಅಪರಿಚಿತಳಂತೆ ಹತ್ತು ಮಾರು ಮುಂದೆ ನಡೆದುಕೊಂಡು. ಒಮ್ಮೆ ಅವನಿಗೆ ಹೇಳದೆ ಕೇಳದೆ ತನ್ನದೇ ಕಿಡ್ನಿ ಕೊಡಲು ಪರೀಕ್ಷೆಗೆ ಹೋಗಿ, ಸಕ್ಕರೆ ಕಾಯಿಲೆ ಇದೆ, ನಿಮ್ಮದು ಆಗಲ್ಲ ಅನ್ನಿಸಿಕೊಂಡು ಬಂದಳು. ಅದನ್ನೂ ಇಸ್ತ್ರಿಪೆಟ್ಟಿಗೆಗೇ ಹೇಳಿದ್ದು, "ಕೆಲವರ ಮೈಯೊಳಗಿರೋದು ಯಾರ ಉಪಯೋಗಕ್ಕೂ ಬರಲ್ವಂತೆ." ಅವತ್ತು ಅವನು ಸ್ಕ್ರೂಡ್ರೈವರಿಗೂ ಏನೂ ಹೇಳಲಿಲ್ಲ. ಬಿಚ್ಚಿದ ಯಂತ್ರದೊಳಗೆ ತಲೆ ಹಾಕಿ ಬೇಕಿಲ್ಲದ ಕಡೆಯೆಲ್ಲ ಎಣ್ಣೆ ಬಿಟ್ಟ.

ಈಗ ಅವನ ಜೀವ ನಿಂತಿದ್ದು ಒಂದು ಪಟ್ಟಿಯ ಮೇಲೆ. ಸತ್ತವರು ಬಿಟ್ಟುಹೋದ ಕಿಡ್ನಿಗಾಗಿ ಕಾಯುವವರ ಪಟ್ಟಿ. ಅದರಲ್ಲಿ ಹೆಸರು ಬರಬೇಕಾದರೆ ರಕ್ತ, ಹೃದಯ, ಹಲ್ಲು ಎಲ್ಲವನ್ನೂ ನೋಡುತ್ತಾರೆ. ಅವನದೆಲ್ಲ ಪಾಸಾಗಿತ್ತು. ಉಳಿದದ್ದು ಒಂದೇ. ರೋಗಿ ನಾಲ್ಕು ಜನರ ನಡುವೆ ಹೇಗೆ ಬದುಕುತ್ತಾನೆ, ಯಾರೊಡನೆ ಮಾತು, ಯಾರೊಡನೆ ಓಡಾಟ, ಮೈ ಕೆಟ್ಟರೆ ಯಾರಿಗೆ ಹೇಳುತ್ತಾನೆ ಎಂಬುದನ್ನು ಅಳೆಯಲು ಆಸ್ಪತ್ರೆಯಿಂದ ಒಬ್ಬಾಕೆ ಮನೆಗೇ ಬರುತ್ತಾಳೆ. ಡಯಾಲಿಸಿಸ್ ಕೋಣೆಯವರು ಅವಳಿಗೆ ಅಳತೆ ಮೇಡಂ ಎಂದು ಹೆಸರಿಟ್ಟಿದ್ದರು.

"ಮೊದಲು ನಿಮ್ಮೊಬ್ಬರನ್ನೇ ಕೇಳ್ತಾಳೆ. ಆಮೇಲೆ ಮನೆಯವರನ್ನ ಬೇರೆ ಕೂರಿಸ್ಕೊಂಡು ಅದನ್ನೇ ಕೇಳ್ತಾಳೆ" ಎಂದು ಪಕ್ಕದ ಒರಗುಕುರ್ಚಿಯಲ್ಲಿ ರಕ್ತ ತೊಳೆಸಿಕೊಳ್ಳುವ ಲೈನ್‌ಮ್ಯಾನ್ ಹೇಳಿದ್ದ. "ಕೊನೆಗೆ ಇಬ್ಬರನ್ನೂ ಎದುರುಬದುರು ಕೂರಿಸಿ, ಮಾತಾಡಿ ಅಂತಾಳೆ. ತಾನು ಸುಮ್ನೆ ನೋಡ್ತಾ ಕೂರ್ತಾಳೆ. ಅದೇ ದೊಡ್ಡ ಪರೀಕ್ಷೆ ನೋಡಿ."

ಅದನ್ನು ಕೇಳಿದಾಗ ರಿಪೇರಿಯಣ್ಣನ ಎದೆ ಧಸಕ್ಕೆಂದಿತು. ಏಕೆಂದರೆ ಅವನ ಎದುರಿನ ಕುರ್ಚಿಯಲ್ಲಿ ಹಿಂದಿನ ವರ್ಷದವರೆಗೆ ಒಬ್ಬ ಗಣಿತದ ಮೇಷ್ಟ್ರು ಮಲಗುತ್ತಿದ್ದರು. ಒಂಟಿ ಮನುಷ್ಯ. ಆಪರೇಷನ್ ಆದ ಮೇಲೆ ನೋಡಿಕೊಳ್ಳಲು, ಜ್ವರ ಬಂದರೆ ಆಸ್ಪತ್ರೆಗೆ ತರಲು ಯಾರೂ ಇಲ್ಲವೆಂದು ಅವರ ಹೆಸರನ್ನು ಸದ್ಯಕ್ಕೆ ಬದಿಗಿಟ್ಟರು. ಆ ಸದ್ಯಕ್ಕೆ ಎಂಬುದು ಮುಗಿಯಲೇ ಇಲ್ಲ. ಒಂದು ಮಂಗಳವಾರ ಕುರ್ಚಿ ಖಾಲಿ ಇತ್ತು, ಗುರುವಾರ ಬೇರೆ ಯಾರೋ ಮಲಗಿದ್ದರು. ಕುರ್ಚಿಯ ಬಟ್ಟೆ ಬದಲಾಯಿಸಿದ್ದರು, ಅಷ್ಟೆ.

ಅಕ್ಕನಿಗೆ ಸುದ್ದಿ ಮುಟ್ಟಿಸಿದ್ದೂ ಸ್ಕ್ರೂಡ್ರೈವರೇ. "ಸೋಮವಾರ ಮೇಡಂ ಬರ್ತಾರಂತೆ. ಮನೆಯವರೂ ಇರಬೇಕಂತೆ."

"ಬರ್ಲಿ, ಇರೋಣ" ಎಂದು ಅಕ್ಕ ಇಸ್ತ್ರಿಪೆಟ್ಟಿಗೆಗೆ ಹೇಳಿ, ಕಾಲರಿನ ಮೇಲೆ ಅದನ್ನು ಒತ್ತಿದಳು.

ಇಬ್ಬರೂ ಕೂತು, ಹೀಗೆ ಕೇಳಿದರೆ ಹೀಗೆ ಹೇಳೋಣ ಎಂದು ಮಾತಾಡಿಕೊಳ್ಳಬೇಕಿತ್ತು. ಆದರೆ ಮಾತಾಡಿಕೊಳ್ಳಬೇಕಾದರೆ ಮಾತಾಡಬೇಕಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವನಿಗೆ ನಾಲಿಗೆಯ ತುದಿಗೆ ಬಂದಿತ್ತು, ಎಷ್ಟೋ ಸಲ. ಅಕ್ಕಾ ಎಂದು ಒಂದು ಸಲ ಕೂಗಿದರೆ ಸಾಕು. ಆದರೆ ಕೂಗಿದ ಮೇಲೆ ಅವಳು ತಿರುಗಿ ನೋಡದೆ ಹೊಲಿಗೆ ಮುಂದುವರಿಸಿಬಿಟ್ಟರೆ? ಕೇಳದೆ ಇರುವವರೆಗೆ ಉತ್ತರ ಇಲ್ಲ ಎಂದಾಗುವುದಿಲ್ಲ. ಈ ಭಯ ಸಾವಿನ ಭಯಕ್ಕಿಂತ ಚಿಕ್ಕದಲ್ಲ, ಯಾಕೆಂದರೆ ಸಾವು ಬರುವವರೆಗೆ ದಿನಾ ಇದರ ಜೊತೆಗೇ ಊಟ ಮಾಡಬೇಕು.

ಇಷ್ಟು ಸಾಲದು ಎಂಬಂತೆ ಶನಿವಾರ ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಚಳಿ ಹತ್ತಿತು. ಮೊದಲು ಗಾಳಿಗೆ ಅಂದುಕೊಂಡ. ಭಾನುವಾರ ನೋಡುತ್ತಾನೆ, ಸೂಜಿ ಚುಚ್ಚುವ ಎಡತೋಳು ಕೆಂಪಾಗಿ, ಮುಟ್ಟಿದರೆ ಬಿಸಿ. ಹೀಗಾದರೆ ಒಂದು ಗಳಿಗೆಯೂ ತಡ ಮಾಡದೆ ಫೋನ್ ಮಾಡಿ, ನಂಜು ರಕ್ತಕ್ಕೆ ಏರಿದರೆ ಕಷ್ಟ ಎಂದು ಡಯಾಲಿಸಿಸ್ ಕೋಣೆಯ ಗೋಡೆಯ ಮೇಲೇ ಬರೆದು ಹಾಕಿದ್ದಾರೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇನ್ನೊಂದೂ ಗೊತ್ತಿತ್ತು. ಪಟ್ಟಿಗೆ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸುವ ಡಾಕ್ಟರುಗಳ ಸಭೆಗೆ ನಂಜಿರುವವರ ಹೆಸರನ್ನು ಒಯ್ಯುವುದಿಲ್ಲ. ಸೋಮವಾರ ಮೇಡಂ ಬಂದು ಹೋಗಲಿ, ಮಂಗಳವಾರ ಹೇಳಿದರಾಯಿತು ಎಂದು ಲೆಕ್ಕ ಹಾಕಿ, ಜ್ವರದ ಮಾತ್ರೆ ನುಂಗಿ, ತುಂಬುತೋಳಿನ ಅಂಗಿ ಹಾಕಿಕೊಂಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾವು ತನ್ನ ತೋಳಿನೊಳಗೇ ಇದೆ ಎಂಬುದನ್ನು ಮಾತ್ರ ಯೋಚಿಸಲು ಹೋಗಲಿಲ್ಲ.

"ಈ ಸೆಕೆಗೆ ತುಂಬುತೋಳು ಯಾಕೋ" ಎಂದು ಸೋಮವಾರ ಬೆಳಗ್ಗೆ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕೇಳಿದಳು.

"ಮನೆಗೆ ಜನ ಬರ್ತಾರೆ, ನೀಟಾಗಿರ್ಲಿ ಅಂತ" ಎಂದು ಅವನು ಸ್ಕ್ರೂಡ್ರೈವರಿಗೆ ಹೇಳಿದ. ಅಕ್ಕ ಒಂದು ಕ್ಷಣ ಅವನ ತೋಳನ್ನೇ ನೋಡಿದಳು. ಅವನು ಕುಂಬಳಕಾಯಿ ಕಳ್ಳನಂತೆ ತೋಳು ಸವರಿಕೊಳ್ಳಲು ಹೋಗಿ, ಕೈ ಹಿಂದಕ್ಕೆ ಎಳೆದುಕೊಂಡ.

ಅಳತೆ ಮೇಡಂ ಬಂದಳು. ದೊಡ್ಡ ದನಿಯ ಜಬರದಸ್ತಿನ ಹೆಂಗಸು ಇರಬಹುದೆಂದು ಅವನು ಹೆದರಿದ್ದ. ಬಂದವಳು ಸಣ್ಣಗೆ, ಕೆಮ್ಮುತ್ತಾ, ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ಕೇಳುವ ಜಾತಿಯವಳು. ಅದರಿಂದ ಅವನ ಹೆದರಿಕೆ ಇನ್ನೂ ಹೆಚ್ಚಾಯಿತು. ಜೋರಿನವರಿಗೆ ಸುಳ್ಳು ಹೇಳುವುದು ಸುಲಭ, ಮೆತ್ತಗಿನವರ ಮುಂದೆ ನಾಲಿಗೆ ತೊದಲುತ್ತದೆ. ಅಕ್ಕ ಒಳಗೆ ಹೋದಳು. ಮೇಡಂ ಅಕ್ಕನ ಸ್ಟೂಲನ್ನೇ ಎಳೆದುಕೊಂಡು ಕೂತು, ಮಡಿಲಲ್ಲಿ ಕಾಗದ ಇಟ್ಟುಕೊಂಡು ಕೇಳತೊಡಗಿದಳು.

"ಹೋದ ಒಂದು ತಿಂಗಳಲ್ಲಿ ಸ್ನೇಹಿತರ ಮನೆಗೋ ಹೋಟೆಲಿಗೋ ಹೋಗಿದ್ರಾ?"

"ಹೋಗ್ತಾನೇ ಇರ್ತೀನಿ ಮೇಡಂ."

"ಕಡೆಯ ಸಲ ಎಲ್ಲಿಗೆ?"

ಅವನು ಗೋಡೆ ನೋಡಿದ. ಮೂಲೆಯ ಚಹಾದಂಗಡಿಗೆ ಹೋಗುವುದು ನಿಂತು ಕಾಲವಾಗಿತ್ತು. ದಿನಕ್ಕೆ ಕುಡಿಯಬೇಕಾದ ನೀರೇ ಒಂದು ಬಾಟಲಿ ಇರುವಾಗ ಚಹಾದಂಗಡಿಯಲ್ಲಿ ಕೂತು ಏನು ಮಾಡುವುದು? ಮೊದಮೊದಲು ಬರೀ ಕೂತು ಬರುತ್ತಿದ್ದ. ಗೆಳೆಯರು, ಅರ್ಧ ಗ್ಲಾಸಾದ್ರೂ ತಗೊಳ್ಳಯ್ಯ ಎನ್ನುವರು. ಬೇಡ ಅಂದರೆ, ಯಾಕೆ, ಏನಾಯ್ತು, ಈಗ ಹೇಗಿದೆ ಎಂದು ಪುರಾಣ. ಆಮೇಲೆ ಅವರಿಗೂ ಬೇಸರ, ಇವನಿಗೂ ಬೇಸರ. ಜಗಳವಾಗಿ ಬಿಟ್ಟದ್ದಲ್ಲ. ಬಣ್ಣ ಬಿಟ್ಟ ಬಟ್ಟೆಯ ಹಾಗೆ ಗೊತ್ತಾಗದಂತೆ ಹೋದದ್ದು.

"ಸಲೂನಿಗೆ" ಅಂದ. ಕಷ್ಟಕಾಲಕ್ಕೆ ಇರಲೆಂದು ಅವನು ಎದುರು ಸಲೂನಿನ ಕ್ಷೌರಿಕನಿಗೆ ಹಿಂದಿನ ದಿನವೇ ಹೇಳಿಟ್ಟಿದ್ದ, ಮೇಡಂ ಇರುವಾಗ ಗೆಳೆಯನ ಹಾಗೆ ಒಂದು ಸಲ ಬಂದು ಹೋಗು ಎಂದು. ಪುಣ್ಯಾತ್ಮ ಸರಿಯಾದ ಹೊತ್ತಿಗೇ ಬಂದ. ಬಂದವನು ಬಾಗಿಲಲ್ಲಿ ನಿಂತು, ಕಣ್ತುಂಬ ನೋಡಿ, ನಿಜವಾದ ಪ್ರೀತಿಯಿಂದ ಹೇಳಿದ, "ಏನಣ್ಣ, ಎದುರುಗಡೆ ಇದ್ರೂ ನಿನ್ನ ಮುಖ ನೋಡಿ ಎಷ್ಟು ತಿಂಗಳಾಯ್ತು." ಹೇಳಿದ ಮೇಲೆ ತನ್ನ ತಪ್ಪು ತಿಳಿದು, "ಅಂದ್ರೆ, ನಿನ್ನೆಯಿಂದ" ಎಂದು ಸೇರಿಸಿ, ಗಿರಾಕಿ ಕಾಯ್ತಿದ್ದಾರೆ ಅಂತ ಓಡಿದ. ಮೇಡಂ ನಗಲಿಲ್ಲ. ಏನೋ ಬರೆದಳು.

"ಮೈ ಸರಿಯಿಲ್ಲ ಅಂದ್ರೆ ಮನೇಲಿ ಹೇಳ್ತೀರಾ? ಸೊನ್ನೆಯಿಂದ ನಾಲ್ಕರವರೆಗೆ ಹೇಳಿ. ಸೊನ್ನೆ ಅಂದ್ರೆ ಯಾವತ್ತೂ ಇಲ್ಲ, ನಾಲ್ಕು ಅಂದ್ರೆ ಯಾವಾಗ್ಲೂ."

"ನಾಲ್ಕು."

"ಅಕ್ಕನ ಹತ್ರ ಮಾತುಕತೆ?"

"ನಾಲ್ಕು ಮೇಡಂ. ಬೆಳಗಿನಿಂದ ರಾತ್ರಿ ತನಕ ಅದೇ. ನಮ್ಮಕ್ಕ ಬಾಯಿ ಮುಚ್ಚಿದ್ರೆ ತಾನೇ."

ಹೇಳುವಾಗ ಬೆನ್ನಿನೊಳಗೆ ಚಳಿ ಹರಿಯಿತು. ಹಲ್ಲು ಕಟಕಟ ಅನ್ನದಂತೆ ದವಡೆ ಬಿಗಿಹಿಡಿದ. ಅಂಗಿಯೊಳಗೆ ತೋಳು ಮಿಡಿಯುತ್ತಿತ್ತು. ಜ್ವರದ ಮಾತ್ರೆಯ ಬಲ ಇಳಿಯುತ್ತಿದೆ ಎಂದು ಗೊತ್ತಾಯಿತು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದು ತನಗೆ ತಾನೇ ಹೇಳಿಕೊಂಡ.

ಮೇಡಂ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಒಳಗಿನ ಮಾತು ಕೇಳಿಸಲಿಲ್ಲ. ಅಕ್ಕನ ದನಿಯ ಏರಿಳಿತ ಮಾತ್ರ ಕೇಳಿಸಿತು. ಮೂರು ವರ್ಷದಲ್ಲಿ ಅವಳು ಇಷ್ಟು ಹೊತ್ತು ಒಬ್ಬರೊಡನೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಏನು ಹೇಳುತ್ತಿದ್ದಾಳೆ? ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. ಬಟ್ಟೆ ಚೆನ್ನಾಗಿ ಕಾಣದಿದ್ದರೆ ಗಿರಾಕಿಯ ಮುಖಕ್ಕೇ ಹೇಳುವವಳು. ನಾಳೆ ತನ್ನ ಕುರ್ಚಿಯ ಬಟ್ಟೆಯನ್ನೂ ಬದಲಾಯಿಸುತ್ತಾರೆ ಎಂದು ಅವನಿಗೆ ಅನ್ನಿಸಿತು. ಬಾಗಿಲಿಗೆ ಕಿವಿ ಕೊಡಲು ಎದ್ದು, ಮತ್ತೆ ಕೂತ.

ಬಾಗಿಲು ತೆರೆಯಿತು. ಮೇಡಂ ಹೊರಗೆ ಬಂದಳು, ಹಿಂದೆ ಅಕ್ಕ. ಅಕ್ಕನ ಕಣ್ಣು ಕೆಂಪಾಗಿತ್ತು, ಅಥವಾ ಒಲೆಯ ಶಾಖವೋ.

"ನಿಮ್ಮಿಬ್ಬರ ಉತ್ತರ ಸೇರ್ತಿಲ್ಲ" ಎಂದಳು ಮೇಡಂ, ಮೆತ್ತಗೆ. "ಎತ್ತು ಏರಿಗೆ, ಕೋಣ ನೀರಿಗೆ ಅನ್ನೋ ಹಾಗಿದೆ. ಜಗಳ ಇದ್ರೆ ನನಗೇನೂ ತೊಂದರೆ ಇಲ್ಲ. ಜಗಳಕ್ಕೂ ಇದರಲ್ಲಿ ಜಾಗ ಇದೆ. ಸುಳ್ಳು ಹೇಳಿದ್ರೆ ಕಷ್ಟ. ಬೇರೆಯವರ ಕಿಡ್ನಿ ಮೈಯೊಳಗೆ ಇಟ್ಕೊಂಡವರು ಮೈ ಕೆಟ್ಟಿದ್ದನ್ನ ಮುಚ್ಚಿಟ್ರೆ ಆ ಕಿಡ್ನಿನೂ ಹೋಗುತ್ತೆ, ಮನುಷ್ಯನೂ ಹೋಗ್ತಾನೆ."

ಅವನು ಮುಗಿಯಿತು ಅಂದುಕೊಂಡ.

"ಒಂದು ಕೆಲಸ ಮಾಡೋಣ" ಎಂದಳು ಮೇಡಂ. "ಇದನ್ನ ಎಲ್ಲರ ಹತ್ರಾನೂ ಮಾಡಿಸ್ತೀನಿ. ಆಪರೇಷನ್ ಆಗಿ ಮನೆಗೆ ಬಂದಿದ್ದೀರಿ ಅಂತ ಇಟ್ಕೊಳ್ಳಿ. ಮೈ ಸರಿಯಿಲ್ಲ. ಅಕ್ಕನಿಗೆ ಹೇಳಿ. ನಾಟಕ ಅಂದ್ಕೊಳ್ಳಿ ಬೇಕಾದ್ರೆ. ನಾನು ಇಲ್ಲಿ ಇಲ್ಲ."

ಅಕ್ಕ ತನ್ನ ಸ್ಟೂಲಿನ ಮೇಲೆ ಕೂತಳು. ಅವನೆದುರು. ಇಷ್ಟು ಹತ್ತಿರ, ಇಷ್ಟು ನೇರವಾಗಿ ಅವರು ಒಬ್ಬರನ್ನೊಬ್ಬರು ನೋಡಿ ಕಾಲವಾಗಿತ್ತು. ಅಕ್ಕನ ಕೂದಲು ಬೆಳ್ಳಗಾಗಿದೆ ಎಂದು ಅವನಿಗೆ ಗೊತ್ತಿತ್ತು, ಕೆನ್ನೆ ಇಷ್ಟು ಒಳಗೆ ಹೋಗಿದೆ ಎಂದು ಗೊತ್ತಿರಲಿಲ್ಲ. ಅಭ್ಯಾಸಬಲದಿಂದ ಕೈ ಸ್ಕ್ರೂಡ್ರೈವರನ್ನು ಹುಡುಕಿತು. ಅದನ್ನು ಮುಟ್ಟದೆ ಕೈ ಮಡಚಿಕೊಂಡ.

"ಅಕ್ಕಾ" ಅಂದ. ಇನ್ನೊಮ್ಮೆ ಅಂದ. "ಅಕ್ಕಾ, ನನಗೆ ಚಳಿ ಆಗ್ತಿದೆ."

ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ಲು ಹೋಯಿತು. ಅವಳು ಉತ್ತರ ಕೊಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಗುವ ಹೊತ್ತಿಗೆ ಕೇಳಿದಳು.

"ಯಾವತ್ತಿಂದ?"

"ಶನಿವಾರದಿಂದ."

"ಜ್ವರ ಇದೆಯಾ?"

"ಇದೆ. ಮಾತ್ರೆ ನುಂಗಿದ್ದೆ."

ಮೇಡಂ ತಲೆಯಾಡಿಸುತ್ತಾ ಬರೆಯುತ್ತಿದ್ದಳು. ಅವಳ ಮುಖ ಸಡಿಲವಾಗಿತ್ತು. ಚೆನ್ನಾಗಿ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ಅವನಿಗೆ ತಟ್ಟನೆ ಹೊಳೆಯಿತು, ಇಷ್ಟಕ್ಕೇ ನಿಲ್ಲಿಸಿದರೆ ಪಾಸು. ಹೇಳಬೇಕಾದದ್ದನ್ನು ಹೇಳಿಯೂ ಆಯಿತು, ನಾಟಕ ಎಂದು ಮುಚ್ಚಿಯೂ ಆಯಿತು. ನಾಟಕ ಚೆನ್ನಾಗಿತ್ತು ಎಂದು ಮೇಡಂ ಚೀಲ ಎತ್ತಿಕೊಂಡು ಹೋಗುತ್ತಾಳೆ, ಹೆಸರು ಸಭೆಗೆ ಹೋಗುತ್ತದೆ. ಒಂದೇ ಒಂದು ರಾತ್ರಿ ಈ ತೋಳು ತಡೆದುಕೊಂಡರೆ ಸಾಕು. ತಡೆದುಕೊಳ್ಳದಿದ್ದರೆ ಎಂಬ ಯೋಚನೆಯೂ ಬಂತು. ಬದುಕುವುದಕ್ಕಾಗಿ ಮಾಡುತ್ತಿದ್ದೇನೆಯೋ ಸಾಯುವುದಕ್ಕಾಗಿಯೋ ಅವನಿಗೇ ತಿಳಿಯದಾಯಿತು.

ಅಕ್ಕ ಮೇಡಂ ಕಡೆ ತಿರುಗಲೂ ಇಲ್ಲ. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, ಅವನಿಗೆ ಮಾತ್ರ ಕೇಳಿಸುವಷ್ಟು ದನಿಯಲ್ಲಿ ಕೇಳಿದಳು.

"ನಿಜ ಹೇಳು. ಇದು ಅವರಿಗೆ ಹೇಳ್ತಿರೋದಾ, ನನಗಾ?"

ಅವಳು ಆಗಲೇ ತಿಳಿದುಕೊಂಡಿದ್ದಳು. ತುಂಬುತೋಳು ಹಾಕಿದಾಗಲೇ ತಿಳಿದುಕೊಂಡಿದ್ದಳು. ಆದರೂ ಮೇಡಂಗೆ ಕೂಗಿ ಹೇಳಲಿಲ್ಲ, ಅಂಗಿ ಎಳೆಯಲಿಲ್ಲ. ಅವನು, ಅವರಿಗೆ ಅಂದರೆ ಅವಳು ಎದ್ದು ಹೋಗುತ್ತಾಳೆ. ಈ ಸಲ ಇಸ್ತ್ರಿಪೆಟ್ಟಿಗೆಗೂ ಏನೂ ಹೇಳುವುದಿಲ್ಲ.

"ನಿನಗೆ" ಅಂದ. ಬಲಗೈಯಿಂದ ಎಡತೋಳಿನ ಗುಂಡಿ ಬಿಚ್ಚತೊಡಗಿದ. ಒಂದು ಕೈಗೆ ಗುಂಡಿ ಸಿಗಲಿಲ್ಲ. ಅಕ್ಕನೇ ಬಿಚ್ಚಿದಳು. ತೋಳು ಮೊಣಕೈವರೆಗೆ ಕೆಂಪೇರಿ, ಬಿಗಿದು ಹೊಳೆಯುತ್ತಿತ್ತು.

"ಮೇಡಂ" ಅಂದ ಅವನು, "ಇದು ನಾಟಕ ಅಲ್ಲ."

ಮೇಡಂ ಕಾಗದ ಕೆಳಗಿಟ್ಟು ಬಂದು ತೋಳಿನ ಮೇಲೆ ಅಂಗೈಯ ಹಿಂಬದಿ ಇಟ್ಟಳು. ಆಮೇಲೆ ಅವಳು ಕೆಮ್ಮಲಿಲ್ಲ, ಅಳುಕಲೂ ಇಲ್ಲ. ಫೋನ್ ತೆಗೆದು ಡಯಾಲಿಸಿಸ್ ಕೋಣೆಗೆ ಮಾತಾಡಿ, ಹಾಸಿಗೆ ಸಿದ್ಧ ಮಾಡಿ ಎಂದಳು. ತಾನು ಬಂದಿದ್ದ, ಬೀದಿಯ ತುದಿಯಲ್ಲಿ ನಿಂತಿದ್ದ ಆಸ್ಪತ್ರೆಯ ಗಾಡಿಯನ್ನು ಬಾಗಿಲಿಗೇ ಕರೆಸಿದಳು. ಅಕ್ಕ ಒಳಗೆ ಹೋಗಿ ಅವನ ಮಾತ್ರೆಗಳ ಡಬ್ಬಿ, ಹೊದಿಕೆ, ತನ್ನ ಚೀಲ ಹಿಡಿದು ಬಂದಳು. ಅಂಗಡಿಯ ಬಾಗಿಲು ಎಳೆಯಲೂ ನಿಲ್ಲಲಿಲ್ಲ. ಎದುರಿನ ಕ್ಷೌರಿಕ ಸೋಪು ಹಚ್ಚಿದ ಗಿರಾಕಿಯನ್ನು ಬಿಟ್ಟು ಓಡಿ ಬಂದು, "ನಾನು ಮುಚ್ಚಿ ಬೀಗ ಹಾಕ್ತೀನಿ, ನೀವು ಹೊರಡಿ ಅಕ್ಕಾ" ಅಂದ.

ಗಾಡಿ ಹತ್ತುವಾಗ ಅವನು ಮೇಡಂ ಮುಖ ನೋಡಿದ. "ನನ್ನ ಹೆಸರು?"

"ಈ ಸಲದ ಸಭೆಗೆ ಹೋಗಲ್ಲ" ಎಂದಳು ಅವಳು. ಸುತ್ತಿ ಬಳಸಿ ಹೇಳಲಿಲ್ಲ. "ನಂಜು ಪೂರ್ತಿ ಇಳಿದ ಮೇಲೆ ಮುಂದಿನ ಸಭೆ. ಆಗ ಮತ್ತೆ ಬರ್ತೀನಿ."

"ಅಲ್ಲೀವರೆಗೆ ಇರ್ತೀನಾ ಮೇಡಂ?"

ಅವಳ ಹತ್ತಿರ ಅದಕ್ಕೆ ಅಳತೆಯಿರಲಿಲ್ಲ. "ಇನ್ನೊಂದು ದಿನ ತಡ ಮಾಡಿದ್ರೆ ಖಂಡಿತ ಇರ್ತಿರ್ಲಿಲ್ಲ" ಎಂದಷ್ಟೇ ಹೇಳಿ, ಡ್ರೈವರನ ಪಕ್ಕ ಹೋಗಿ ಕೂತಳು.

ಗಾಡಿ ಹೊರಟಿತು. ಅಕ್ಕ ಶುರು ಮಾಡಿದಳು. ಮೂರು ವರ್ಷದ ಬಾಕಿ ಒಂದೇ ಸಲ ಬಂತು. ಮೂರ್ಖ ಶಿಖಾಮಣಿ ಅಂದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದಳು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ಒಡೆದುಕೊಂಡು ಗಾಯಕ್ಕೆ ಮಣ್ಣು ಮೆತ್ತಿ ರಕ್ತ ಮುಚ್ಚಿಟ್ಟ ಕಥೆ ತೆಗೆದಳು. ಯಾರ ಮಗನೋ ನೀನು, ಯಾರ ಹೊಟ್ಟೆಲಿ ಹುಟ್ಟಿದ್ಯೋ ಎಂದು, ಅದು ತನ್ನ ಅಮ್ಮನೇ ಎಂಬುದನ್ನೂ ಮರೆತು ಬೈದಳು. ಡ್ರೈವರು ಕನ್ನಡಿಯಲ್ಲಿ ನೋಡಿದ. ಬೈಯುತ್ತಲೇ ಅವಳು ಹೊದಿಕೆಯನ್ನು ಅವನ ಕತ್ತಿನವರೆಗೆ ಎಳೆದು, ನಡುಗುವ ಭುಜವನ್ನು ತನ್ನ ಕಡೆ ಒತ್ತಿ ಹಿಡಿದಿದ್ದಳು. ಅವನಿಗೆ ಚಳಿ ಇನ್ನೂ ಏರುತ್ತಿತ್ತು. ಹಲ್ಲು ಕಟಕಟಿಸುವುದನ್ನು ತಡೆಯಲು ಈಗ ಹೋಗಲಿಲ್ಲ. ಅವಳು ಎಲ್ಲಿ ಬೈಯುವುದನ್ನು ನಿಲ್ಲಿಸಿಬಿಡುತ್ತಾಳೋ ಎಂದು ಮಾತ್ರ ಹೆದರಿಕೆ.

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಅವಳೂ ಉಸಿರು ತೆಗೆದುಕೊಳ್ಳಲು ನಿಂತಳು. ಆ ಸಂದಿಯಲ್ಲಿ ಅವನು ಹೇಳಿದ, "ಭಯ ಆಗ್ತಿದೆ ಅಕ್ಕ."

ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು. ಭುಜದ ಮೇಲಿನ ಕೈ ಸಡಿಲವಾಗಲಿಲ್ಲ.

"ನನಗೂ ಆಗುತ್ತೆ ಕಣೋ" ಅಂದಳು. "ಮೂರು ವರ್ಷದಿಂದ ದಿನಾ ಆಗುತ್ತೆ. ಹೇಳ್ಕೊಳ್ಳೋಣ ಅಂದ್ರೆ ಮನೇಲಿ ಯಾರಿದ್ರು?"